‘ಹೂಂ’ ಅನ್ನುವ ಮೊದಲು ಪಟ್ಟಿ ಓದಿ

ಲಿನಕ್ಸ್‌ನಲ್ಲಿ ಒಂದು ತಂತ್ರಾಂಶವನ್ನು ಕರೆದರೆ ಅದರ ಹಿಂದೆ ನೆಂಟರ ದಂಡೇ ಬರುತ್ತದೆ. ಅವರಲ್ಲಿ ಯಾರು ಬೇಕೇಬೇಕು? ಯಾರು ಬಂದರೆ ಚೆನ್ನ? ಯಾರು ಬಾರದಿದ್ದರೂ ನಡೆದೀತು? ಜಗತ್ತಿನ ದೊಡ್ಡ ತಂತ್ರಜ್ಞರು ವರ್ಷಗಟ್ಟಲೆ ವಾದಿಸಿದ ಈ ಪ್ರಶ್ನೆ ಭದ್ರಾವತಿಯ ಒಂದು ಮನೆಯಲ್ಲೂ ಎದ್ದಿತು.

ಕಳೆದ ಮಳೆಗಾಲದ ಒಂದು ಭಾನುವಾರ. ಶಿವಮೊಗ್ಗದಲ್ಲಿ ಬಸ್ಸು ಹತ್ತಿ ಭದ್ರಾವತಿಯ ಅಕ್ಕನ ಮನೆಗೆ ಹೋಗಿದ್ದೆ. ನಡುಮನೆಯಲ್ಲಿ ಸೋದರಳಿಯ ಹಳೆಯ ಲ್ಯಾಪ್‌ಟಾಪ್ ಒಂದನ್ನು ಮುಂದಿಟ್ಟುಕೊಂಡು ಕೂತಿದ್ದ. ಅವನು ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಎರಡನೆಯ ವರ್ಷದ ವಿದ್ಯಾರ್ಥಿ. ದಿನವೂ ಹೋಗಿ ಬರುತ್ತಾನೆ. ಆ ಲ್ಯಾಪ್‌ಟಾಪಿಗೆ ವಯಸ್ಸಾಗಿದೆ. ಹೊಸ ವಿಂಡೋಸ್ ಅದರಲ್ಲಿ ಏಳುವುದಿಲ್ಲ. ಆದ್ದರಿಂದ ಕಾಲೇಜಿನ ಹಿರಿಯ ವಿದ್ಯಾರ್ಥಿಯೊಬ್ಬ ಅದಕ್ಕೆ ಡೆಬಿಯನ್ ಎಂಬ ಲಿನಕ್ಸ್ ಹಾಕಿಕೊಟ್ಟಿದ್ದ.

‘ಮಾವ, ಇಲ್ಲಿ ನೋಡಿ’ ಎಂದು ಕರೆದ. ಅವನಿಗೆ ಬೇಕಾಗಿದ್ದದ್ದು ಆಕ್ಟೇವ್ ಎಂಬ ಒಂದೇ ಒಂದು ತಂತ್ರಾಂಶ. ಗಣಿತದ ಲೆಕ್ಕ ಮಾಡಲು, ನಕ್ಷೆ ಬಿಡಿಸಲು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬಳಸುವ ಉಚಿತ ತಂತ್ರಾಂಶ ಅದು. ಆದರೆ ಪರದೆಯ ಮೇಲೆ ಸಾಲು ಸಾಲಾಗಿ ಹತ್ತಾರು ಹೆಸರುಗಳು! ನೂರಾರು ಎಂಬಿ ಇಳಿಸಿಕೊಳ್ಳಬೇಕು, ಡಿಸ್ಕಿನಲ್ಲಿ ಇಷ್ಟು ಜಾಗ ಹೋಗುತ್ತದೆ, ಮುಂದುವರಿಯಲೇ ಎಂಬ ಪ್ರಶ್ನೆ ಕೆಳಗೆ. ಪಕ್ಕದಲ್ಲಿ ‘ವೈ’ ದೊಡ್ಡಕ್ಷರದಲ್ಲಿ, ‘ಎನ್’ ಚಿಕ್ಕಕ್ಷರದಲ್ಲಿ. ದೊಡ್ಡಕ್ಷರದ ಅರ್ಥ ಇಷ್ಟೆ: ನೀವೇನೂ ಹೇಳದೆ ಎಂಟರ್ ಒತ್ತಿದರೆ ‘ಹೂಂ’ ಎಂದ ಹಾಗೆ.

‘ಒಂದು ಕೇಳಿದರೆ ಇಷ್ಟೊಂದು ಯಾಕೆ ಬರ್ತಾವೆ? ಇವತ್ತಿನ ಡೇಟಾ ಎಲ್ಲ ಇದಕ್ಕೇ ಹೋಗುತ್ತೆ’ ಎಂದ ಹುಡುಗ. ಆ ಮನೆಯಲ್ಲಿ ಅಂತರ್ಜಾಲ ಎಂದರೆ ಅಪ್ಪನ ಮೊಬೈಲಿನ ದಿನದ ಪಾಲು ಮಾತ್ರ.

ಒಳಗಿಂದ ಅಕ್ಕನ ದನಿ ಬಂತು: ‘ಅದೇನು ಬರುತ್ತೋ ಬರಲಿ, ಹೂಂ ಅಂದುಬಿಡು. ಊಟಕ್ಕೆ ಹೊತ್ತಾಯ್ತು.’

ಪೇಪರ್ ಓದುತ್ತಿದ್ದ ಭಾವ ಕನ್ನಡಕ ತೆಗೆದರು. ಅವರು ಕಾರ್ಖಾನೆಯೊಂದರ ಸ್ಟೋರ್ಸ್‌ನಲ್ಲಿ ದುಡಿದು ನಿವೃತ್ತರಾದವರು. ‘ಇಂಡೆಂಟ್ ಓದದೆ ಸಹಿ ಹಾಕೋನು ಸ್ಟೋರ್ಸ್‌ನಲ್ಲಿ ಒಂದು ದಿನ ಉಳಿಯಲ್ಲ ಕಣೋ. ಏನೇನು ಬರೆದಿದೆ, ಓದು.’

ಹುಡುಗನ ‘ಯಾಕೆ’, ಅಕ್ಕನ ‘ಹೂಂ ಅಂದುಬಿಡು’, ಭಾವನ ‘ಓದು’: ಲಿನಕ್ಸ್ ಜಗತ್ತಿನಲ್ಲಿ ದಶಕಗಳಿಂದ ನಡೆದಿರುವ ಒಂದು ದೊಡ್ಡ ಚರ್ಚೆಯ ಮೂರು ಪಕ್ಷಗಳೂ ಆ ನಡುಮನೆಯಲ್ಲಿ ಸೇರಿಬಿಟ್ಟಿದ್ದವು.

ಮೂರು ಬಗೆಯ ನಂಟು

ಲಿನಕ್ಸ್ ಎಂಬುದು ನಿಜವಾಗಿ ಒಂದು ತಿರುಳು ಮಾತ್ರ. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಅದನ್ನು ಬರೆಯತೊಡಗಿದರು. ಆ ತಿರುಳಿನ ಸುತ್ತ ಸಾವಿರಾರು ತಂತ್ರಾಂಶಗಳನ್ನು ಜೋಡಿಸಿ, ಒಂದಕ್ಕೊಂದು ಹೊಂದಿಸಿ, ನಮ್ಮ ಕೈಗೆ ಕೊಡುವ ಕಟ್ಟನ್ನು ‘ಡಿಸ್ಟ್ರಿಬ್ಯೂಷನ್’ ಎನ್ನುತ್ತಾರೆ. ಡೆಬಿಯನ್, ಉಬುಂಟು, ಫೆಡೋರಾ, ಆರ್ಚ್ ಎಲ್ಲವೂ ಇಂಥ ಕಟ್ಟುಗಳೇ. ಇಯಾನ್ ಮರ್ಡಾಕ್ 1993ರಲ್ಲಿ ಆರಂಭಿಸಿದ ಡೆಬಿಯನ್ ಇವುಗಳಲ್ಲಿ ಹಿರಿಯರ ಸಾಲಿನದು. 2023ರ ಜೂನ್‌ನಲ್ಲಿ ಬಂದ ಅದರ 12ನೆಯ ಆವೃತ್ತಿಯಲ್ಲಿ 64 ಸಾವಿರಕ್ಕೂ ಹೆಚ್ಚು ತಂತ್ರಾಂಶ ಪೊಟ್ಟಣಗಳಿದ್ದವು. ಇವನ್ನೇ ಪ್ಯಾಕೇಜು ಎನ್ನುವುದು.

ಯಾವ ತಂತ್ರಾಂಶವೂ ಒಂಟಿಯಾಗಿ ಬದುಕುವುದಿಲ್ಲ. ಚಿತ್ರ ತೋರಿಸುವ ತಂತ್ರಾಂಶಕ್ಕೆ ಚಿತ್ರ ಬಿಚ್ಚುವ ಇನ್ನೊಂದು ಬೇಕು. ಅದಕ್ಕೆ ಮತ್ತೊಂದು ಬೇಕು. ಹೀಗೆ ಒಂದನ್ನೊಂದು ನೆಚ್ಚಿರುವುದೇ ಅವಲಂಬನೆ. ಡೆಬಿಯನ್ನಿನ ನಿಯಮಾವಳಿ ಇದನ್ನು ಮುಖ್ಯವಾಗಿ ಮೂರು ಬಗೆಯಾಗಿ ವಿಂಗಡಿಸುತ್ತದೆ.

ಅಕ್ಕನ ಅಡುಗೆಮನೆಯಿಂದಲೇ ಉದಾಹರಣೆ ಕೊಡೋಣ. ಅಂದು ಕಡುಬು ಮಾಡಿದ್ದರು. ಕಡುಬಿಗೆ ಅಕ್ಕಿ ಇಲ್ಲದಿದ್ದರೆ ಕಡುಬೇ ಇಲ್ಲ. ಇದು ‘ಡಿಪೆಂಡ್ಸ್’, ಅಂದರೆ ಬೇಕೇಬೇಕಾದ ನಂಟು. ಕಡುಬಿನ ಜೊತೆ ಚಟ್ನಿ ಇರಬೇಕು. ಇಲ್ಲದೆಯೂ ತಿನ್ನಬಹುದು, ಆದರೆ ಸಾಮಾನ್ಯವಾಗಿ ಯಾರೂ ಹಾಗೆ ಬಡಿಸುವುದಿಲ್ಲ. ಇದು ‘ರೆಕಮೆಂಡ್ಸ್’, ಶಿಫಾರಸಿನ ನಂಟು. ಮೇಲೊಂದು ಚಮಚ ತುಪ್ಪ, ಪಕ್ಕದಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಇದ್ದರೆ ಇನ್ನೂ ಸೊಗಸು. ಇದು ‘ಸಜೆಸ್ಟ್ಸ್’, ಸಲಹೆಯ ನಂಟು.

ಕೇಳಲು ಸರಳ. ಆದರೆ ಚಟ್ನಿ ಯಾವ ಸಾಲಿಗೆ ಸೇರಬೇಕು ಎಂದು ಹತ್ತು ಮನೆಯವರನ್ನು ಕೂರಿಸಿ ಕೇಳಿ ನೋಡಿ! ಒಬ್ಬರು ‘ಚಟ್ನಿ ಇಲ್ಲದ ಕಡುಬೂ ಕಡುಬೇ?’ ಎನ್ನುತ್ತಾರೆ. ಇನ್ನೊಬ್ಬರು ‘ನಮ್ಮನೇಲಿ ಬೆಲ್ಲದ ಜೊತೆ ತಿಂತೀವಿ, ನಿಮ್ಮ ಚಟ್ನಿ ನಮಗ್ಯಾಕೆ?’ ಎನ್ನುತ್ತಾರೆ. ಜಗಳ ಹುಟ್ಟುವುದೇ ಇಲ್ಲಿ. ಯಾವುದು ಅನಿವಾರ್ಯ, ಯಾವುದು ಐಚ್ಛಿಕ ಎಂಬುದನ್ನು ಯಂತ್ರ ತೀರ್ಮಾನಿಸುವುದಿಲ್ಲ. ಆ ಪ್ಯಾಕೇಜನ್ನು ನೋಡಿಕೊಳ್ಳುವ ಮನುಷ್ಯ ತೀರ್ಮಾನಿಸುತ್ತಾನೆ. ಅವನ ಮನೆಯ ಊಟವೇ ಎಲ್ಲರ ಮನೆಯ ಊಟ ಆಗಬೇಕೆಂದಿಲ್ಲವಲ್ಲ!

ಉಕ್ಕಿನ ಊರಿಗೆ ಗೊತ್ತಿರುವ ಮಾತು

ಅವಲಂಬನೆ ಎಂದರೇನೆಂದು ಭದ್ರಾವತಿಯವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಇಲ್ಲಿನ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದ್ದು 1923ರಲ್ಲಿ. ಅದಕ್ಕೆ ಅದಿರು ಬಂದದ್ದು ಕೆಮ್ಮಣ್ಣುಗುಂಡಿಯಿಂದ. ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲು ಇರಲಿಲ್ಲ. ಆದ್ದರಿಂದ ಸುತ್ತಲ ಕಾಡಿನ ಮರದಿಂದ ಇದ್ದಿಲು ಮಾಡಿ ಕುಲುಮೆಗೆ ಹಾಕಿದರು. ಮರವನ್ನು ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ ಇದ್ದಿಲು ತೆಗೆಯುವಾಗ ಹೊರಬರುವ ಡಾಂಬರು, ಮಿಥೈಲ್ ಆಲ್ಕೊಹಾಲ್ ಮುಂತಾದವನ್ನೂ ಹಿಡಿದಿಟ್ಟರು.

ಅದಿರು ಅನಿವಾರ್ಯ. ಇದ್ದಿಲು? 1923ರಲ್ಲಿ ಅದೂ ಅನಿವಾರ್ಯವೇ. 1948ರಲ್ಲಿ ಜೋಗದ ವಿದ್ಯುದಾಗಾರ ಬಂತು, 1950ರ ದಶಕದಲ್ಲಿ ವಿದ್ಯುತ್ ಕುಲುಮೆಗಳು ಬಂದವು. ಕಾಡಿನ ಮೇಲಿದ್ದ ಭಾರದ ಒಂದು ಪಾಲು ನದಿಯ ನೀರಿಗೆ ವರ್ಗವಾಯಿತು. 1936ರಲ್ಲಿ ಸ್ಥಾಪನೆಯಾದ ಇದೇ ಊರಿನ ಕಾಗದದ ಕಾರ್ಖಾನೆಯವರು 1980ರ ದಶಕದಲ್ಲಿ ಕಬ್ಬಿನ ಸಿಪ್ಪೆಯ ಸಲುವಾಗಿ ಸಕ್ಕರೆ ಕಾರ್ಖಾನೆಯನ್ನೇ ಕಟ್ಟಿಕೊಂಡರು. ಕಾಲ ಬದಲಾದಂತೆ ‘ಬೇಕೇಬೇಕು’ ಎಂಬುದರ ಪಟ್ಟಿಯೂ ಬದಲಾಗುತ್ತದೆ. ಒಂದು ವಸ್ತುವನ್ನು ನೆಚ್ಚುವಾಗ ಅದರ ಹಿಂದಿರುವ ಕಾಡು, ಹೊಳೆ, ಗಣಿ, ಕೂಲಿ ಎಲ್ಲವನ್ನೂ ನೆಚ್ಚಿದಂತೆ. ತಂತ್ರಾಂಶದ ಕಥೆಯೂ ಇದೇ.

ಕೇಳದೆ ಬಡಿಸಿದ ಚಟ್ನಿ

ಹಿಂದೆ ಡೆಬಿಯನ್ನಿನ ‘ಆಪ್ಟ್-ಗೆಟ್’ ಎಂಬ ಸಲಕರಣೆ ಬೇಕೇಬೇಕಾದದ್ದನ್ನು ಮಾತ್ರ ತರುತ್ತಿತ್ತು. ಶಿಫಾರಸಿನವನ್ನು ಹೆಸರಿಸಿ ಸುಮ್ಮನಾಗುತ್ತಿತ್ತು. 2009ರ ಫೆಬ್ರವರಿಯಲ್ಲಿ ಬಿಡುಗಡೆಯಾದ ‘ಲೆನ್ನಿ’ ಆವೃತ್ತಿಯಿಂದ ಪದ್ಧತಿ ಬದಲಾಯಿತು. ಶಿಫಾರಸಿನವೂ ತಾವಾಗಿಯೇ ಬರತೊಡಗಿದವು. ಬೇಡವೆನ್ನುವವರು ಬಾಯಿಬಿಟ್ಟು ಬೇಡ ಎನ್ನಬೇಕು.

ಇದಕ್ಕೆ ಕಾರಣ ಇಲ್ಲದಿರಲಿಲ್ಲ. ಹೊಸಬರು ತಂತ್ರಾಂಶ ಹಾಕಿಕೊಂಡು ‘ಧ್ವನಿ ಬರುತ್ತಿಲ್ಲ, ಮುದ್ರಣ ಆಗುತ್ತಿಲ್ಲ’ ಎಂದು ಒದ್ದಾಡಬಾರದು ಎಂಬುದು ಒಂದು ಪಕ್ಷದ ವಾದ. ಶಿಫಾರಸು ಎಂದರೆ ಅಪರೂಪದ ಸಂದರ್ಭ ಬಿಟ್ಟರೆ ಜೊತೆಗಿರಲೇಬೇಕಾದದ್ದು ಎಂದು ನಿಯಮವೇ ಹೇಳುವಾಗ, ಅದನ್ನು ತಾರದಿದ್ದರೆ ಹೇಗೆ? ಇನ್ನೊಂದು ಪಕ್ಷದವರು ಕೇಳಿದರು: ಸಣ್ಣ ಗಣಕದಲ್ಲಿ, ನಿಧಾನದ ಸಂಪರ್ಕದಲ್ಲಿ, ಒಂದೇ ಕೆಲಸಕ್ಕೆ ಮೀಸಲಾದ ಸರ್ವರ್‌ನಲ್ಲಿ ಕೇಳದಿದ್ದದ್ದೆಲ್ಲ ಏಕೆ ಬಂದು ಕೂರಬೇಕು?

ಎರಡೂ ಮಾತಿನಲ್ಲಿ ಹುರುಳಿದೆ. ಆದ್ದರಿಂದಲೇ ಬೇರೆ ಬೇರೆ ಡಿಸ್ಟ್ರಿಬ್ಯೂಷನ್‌ಗಳು ಬೇರೆ ಬೇರೆ ಹಾದಿ ಹಿಡಿದಿವೆ. ಆರ್ಚ್ ಲಿನಕ್ಸ್ ಐಚ್ಛಿಕವಾದವುಗಳ ಪಟ್ಟಿಯನ್ನು, ಯಾವುದು ಯಾವ ಕೆಲಸಕ್ಕೆ ಎಂಬ ಟಿಪ್ಪಣಿಯೊಡನೆ, ಪರದೆಯ ಮೇಲೆ ತೋರಿಸಿ ಸುಮ್ಮನಾಗುತ್ತದೆ. ತರುವುದು ಬಿಡುವುದು ನಿಮಗೆ ಸೇರಿದ್ದು. ಜೆಂಟೂ ಬಳಕೆದಾರರು ಮೂಲ ಸಂಕೇತದಿಂದಲೇ ತಂತ್ರಾಂಶ ಕಟ್ಟಿಕೊಳ್ಳುವಾಗ ಯಾವ ಸೌಲಭ್ಯ ಬೇಕು, ಯಾವುದು ಬೇಡ ಎಂದು ಮೊದಲೇ ಗುರುತು ಹಾಕುತ್ತಾರೆ. ಫೆಡೋರಾ ಡೆಬಿಯನ್ನಿನಂತೆಯೇ ಶಿಫಾರಸಿನವನ್ನೂ ತರುತ್ತದೆ. ನಾಲ್ಕು ಮನೆ, ಮೂರು ಪದ್ಧತಿ.

ಒಂದು ಪದಕ್ಕಾಗಿ ಪಂಚಾಯಿತಿ

2012ರಲ್ಲಿ ಈ ಜಗಳ ಡೆಬಿಯನ್ನಿನ ಅತ್ಯುನ್ನತ ತಾಂತ್ರಿಕ ಸಮಿತಿಯವರೆಗೂ ಹೋಯಿತು. ಗ್ನೋಮ್ ಎಂಬುದು ಲಿನಕ್ಸ್‌ನಲ್ಲಿ ಬಳಕೆಯಲ್ಲಿರುವ ಒಂದು ಮೇಜುಪರದೆ ವ್ಯವಸ್ಥೆ. ಅದನ್ನು ಹಾಕಿಕೊಂಡವರಿಗೆ ‘ನೆಟ್‌ವರ್ಕ್ ಮ್ಯಾನೇಜರ್’ ಎಂಬ ಇನ್ನೊಂದು ತಂತ್ರಾಂಶವೂ ಕಡ್ಡಾಯವಾಗಿ ಬರುತ್ತಿತ್ತು. ವೈಫೈ, ಕೇಬಲ್ ಸಂಪರ್ಕಗಳನ್ನು ನೋಡಿಕೊಳ್ಳುವುದು ಅದರ ಕೆಲಸ. ಗ್ನೋಮ್ ನಿರ್ವಾಹಕರ ವಾದ: ‘ಗ್ನೋಮ್ ಎಂದರೆ ಇದೂ ಸೇರಿ. ಅದರ ಗುಂಡಿ, ಪಟ್ಟಿಗಳೆಲ್ಲ ಇದನ್ನೇ ನೆಚ್ಚಿವೆ.’ ಎದುರಾಳಿಗಳ ವಾದ: ‘ನಾವು ಸಂಪರ್ಕಕ್ಕೆ ಬೇರೆ ತಂತ್ರಾಂಶ ಬಳಸುತ್ತಿದ್ದೇವೆ. ಇದು ಬಂದು ಅದರ ಕೆಲಸಕ್ಕೆ ಅಡ್ಡ ಬೀಳಬಹುದು. ಇದಿಲ್ಲದೆಯೂ ಗ್ನೋಮ್ ಓಡುತ್ತದೆ.’

ಸಮಿತಿ ನಿರ್ವಾಹಕರ ತೀರ್ಮಾನವನ್ನು ತಳ್ಳಿಹಾಕಿ, ಕಡ್ಡಾಯವಾಗಿದ್ದದ್ದನ್ನು ಶಿಫಾರಸಿಗೆ ಇಳಿಸಬೇಕೆಂದು ತೀರ್ಪಿತ್ತಿತು. ನಿರ್ವಾಹಕರ ತೀರ್ಮಾನವನ್ನು ಹೀಗೆ ಮೀರಲು ಆ ಸಂಸ್ಥೆಯ ಸಂವಿಧಾನದ ಪ್ರಕಾರ ಒಂದಕ್ಕೆ ಮೂರರಷ್ಟು ಬಹುಮತ ಬೇಕು. ಅಷ್ಟಕ್ಕೇ ಮುಗಿಯಲಿಲ್ಲ. ಅದೇ ವರ್ಷ ವಿಷಯ ಮತ್ತೊಮ್ಮೆ ಸಮಿತಿಯ ಮುಂದೆ ಬಂತು. ಒಂದು ಪದ ‘ಡಿಪೆಂಡ್ಸ್’ ಇರಬೇಕೋ ‘ರೆಕಮೆಂಡ್ಸ್’ ಇರಬೇಕೋ ಎಂಬುದಕ್ಕೆ ಇಷ್ಟೊಂದು ವಾದವೇ ಎಂದು ನಗಬೇಡಿ. ಆ ಒಂದು ಪದ ಬದಲಾದರೆ ಅಸಂಖ್ಯ ಗಣಕಗಳಲ್ಲಿ ಏನು ಇರುತ್ತದೆ, ಏನು ಇರುವುದಿಲ್ಲ ಎಂಬುದೇ ಬದಲಾಗುತ್ತದೆ.

ಎರಡು ವರ್ಷದ ನಂತರ ಇನ್ನೂ ದೊಡ್ಡ ಜಗಳ. ಗಣಕ ಎದ್ದ ಕೂಡಲೇ ಉಳಿದೆಲ್ಲ ಕೆಲಸಗಳನ್ನು ಎಬ್ಬಿಸುವ ಮೊದಲ ತಂತ್ರಾಂಶ ಯಾವುದಿರಬೇಕು? 2014ರ ಫೆಬ್ರವರಿಯಲ್ಲಿ ತಾಂತ್ರಿಕ ಸಮಿತಿಯ ಮತಗಳು ಸಮಸಮವಾಗಿ, ಕೊನೆಗೆ ಅಧ್ಯಕ್ಷರ ನಿರ್ಣಾಯಕ ಮತದಿಂದ ‘ಸಿಸ್ಟಮ್‌ಡಿ’ ಗೆದ್ದಿತು. ಬೇರೆ ತಂತ್ರಾಂಶಗಳು ಸಿಸ್ಟಮ್‌ಡಿಯನ್ನೇ ನೆಚ್ಚತೊಡಗಿದರೆ ಅದು ಬೇಡವೆನ್ನುವವರಿಗೆ ಜಾಗವೆಲ್ಲಿ ಎಂಬುದು ಸೋತವರ ಅಳಲು. ಅದೇ ವರ್ಷದ ನವೆಂಬರ್‌ನಲ್ಲಿ ಕೆಲವರು ಬೇರೆ ಮನೆ ಮಾಡಿದರು. ‘ಡೆವುವಾನ್’ ಎಂಬ ಆ ಹೊಸ ಡಿಸ್ಟ್ರಿಬ್ಯೂಷನ್‌ನ ಮೊದಲ ಪೂರ್ಣ ಆವೃತ್ತಿ 2017ರಲ್ಲಿ ಹೊರಬಂತು. ಕೂಡು ಕುಟುಂಬ ಒಡೆಯಲು ಮನಸ್ತಾಪ ಎಷ್ಟು ಬೇಕೋ ಅಷ್ಟಿತ್ತು ಅನ್ನಿ.

ನೆಂಟರ ಜೊತೆ ಬಂದ ಕಳ್ಳ

ಇದೆಲ್ಲ ಬಲ್ಲವರ ಬಡಿದಾಟ, ನಮಗೇನು ಎಂದುಕೊಳ್ಳುವ ಹೊತ್ತಿಗೆ 2024ರ ಮಾರ್ಚ್ 29 ಬಂತು. ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು ತಮ್ಮ ಗಣಕದಲ್ಲಿ ಬೇರೇನನ್ನೋ ಅಳೆಯುತ್ತಿದ್ದಾಗ ಒಂದು ವಿಚಿತ್ರ ಗಮನಿಸಿದ್ದರು. ದೂರದ ಗಣಕಕ್ಕೆ ಪ್ರವೇಶ ಕೊಡುವ ‘ಎಸ್‌ಎಸ್‌ಎಚ್’ ಎಂಬ ಬಾಗಿಲು ಮಾಮೂಲಿಗಿಂತ ಸುಮಾರು ಅರ್ಧ ಸೆಕೆಂಡು ತಡವಾಗಿ ಉತ್ತರಿಸುತ್ತಿತ್ತು. ಅರ್ಧ ಸೆಕೆಂಡು! ಬೇರೆ ಯಾರಾದರೂ ಆಗಿದ್ದರೆ ಬಿಟ್ಟುಬಿಡುತ್ತಿದ್ದರು. ಇವರು ಬಿಡಲಿಲ್ಲ. ಕೆದಕುತ್ತ ಹೋದಾಗ ಸಿಕ್ಕಿದ್ದು ಒಂದು ಕಳ್ಳಗಿಂಡಿ.

ಅದು ಅಡಗಿದ್ದದ್ದು ಎಸ್‌ಎಸ್‌ಎಚ್‌ನಲ್ಲಿ ಅಲ್ಲ. ಕಡತಗಳನ್ನು ಕುಗ್ಗಿಸುವ ‘ಎಕ್ಸ್‌ಜೆಡ್’ ಎಂಬ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ. ಎಕ್ಸ್‌ಜೆಡ್ಡನ್ನು ಬಹುಮಟ್ಟಿಗೆ ಒಬ್ಬರೇ ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದರು. ಬೇರೊಂದು ಹೆಸರಿನಲ್ಲಿ ಬಂದ ವ್ಯಕ್ತಿ ಎರಡು ವರ್ಷಕ್ಕೂ ಹೆಚ್ಚು ಕಾಲ ಸಹಾಯ ಮಾಡಿ ವಿಶ್ವಾಸ ಗಳಿಸಿ, ಕೊನೆಗೆ ವಿಷ ಬೆರೆಸಿದ್ದ.

ಕುಗ್ಗಿಸುವ ತಂತ್ರಾಂಶಕ್ಕೂ ಬಾಗಿಲು ಕಾಯುವ ತಂತ್ರಾಂಶಕ್ಕೂ ಏನು ಸಂಬಂಧ? ಮೂಲದ ಎಸ್‌ಎಸ್‌ಎಚ್‌ಗೆ ಎಕ್ಸ್‌ಜೆಡ್ಡಿನ ಅಗತ್ಯವೇ ಇಲ್ಲ. ಆದರೆ ಡೆಬಿಯನ್, ಫೆಡೋರಾ ಮುಂತಾದವರು ಅದಕ್ಕೊಂದು ತೇಪೆ ಹಾಕಿದ್ದರು. ‘ನಾನು ಎದ್ದೆ, ಸಿದ್ಧನಿದ್ದೇನೆ’ ಎಂದು ಎಸ್‌ಎಸ್‌ಎಚ್ ಸಿಸ್ಟಮ್‌ಡಿಗೆ ಒಂದು ಮಾತು ತಿಳಿಸಲಿ ಎಂಬುದಷ್ಟೇ ಉದ್ದೇಶ. ಆ ಒಂದು ಮಾತಿಗಾಗಿ ಸಿಸ್ಟಮ್‌ಡಿಯ ಇಡೀ ಗ್ರಂಥಾಲಯ ಬಂತು. ಅದರ ಹಿಂದೆ ಎಕ್ಸ್‌ಜೆಡ್ಡಿನ ಗ್ರಂಥಾಲಯ ಬಂತು. ಮದುವೆಗೆ ಕರೆದದ್ದು ಒಬ್ಬರನ್ನು, ಅವರ ಜೊತೆ ಬಂದವರ ಜೊತೆ ಬಂದವನು ಕಳ್ಳ!

ಪುಣ್ಯಕ್ಕೆ ಅದು ಪರೀಕ್ಷೆಯ ಹಂತದ ಆವೃತ್ತಿಗಳಲ್ಲೇ ಸಿಕ್ಕಿಬಿತ್ತು. ಜನಸಾಮಾನ್ಯರು ಬಳಸುವ ಡೆಬಿಯನ್ನಿನ ಸ್ಥಿರ ಆವೃತ್ತಿಗೆ ಅದು ತಲುಪಿರಲಿಲ್ಲ. ಅದೇ ವರ್ಷದ ಜುಲೈಯಲ್ಲಿ ಬಂದ ಎಸ್‌ಎಸ್‌ಎಚ್‌ನ ಹೊಸ ಆವೃತ್ತಿ ಆ ಒಂದು ಮಾತನ್ನು ಯಾರ ನೆರವೂ ಇಲ್ಲದೆ ತಾನೇ ತಿಳಿಸುವುದನ್ನು ಕಲಿತಿತ್ತು. ಸಿಸ್ಟಮ್‌ಡಿ ತಂಡ ಕೂಡ ಕುಗ್ಗಿಸುವ ಗ್ರಂಥಾಲಯಗಳನ್ನು ಅಗತ್ಯ ಬಿದ್ದಾಗ ಮಾತ್ರ ಕರೆಯುವಂತೆ ತಿದ್ದುವ ಕೆಲಸವನ್ನು ಅದಕ್ಕೂ ಮೊದಲೇ ಆರಂಭಿಸಿತ್ತು. ‘ಬೇಡದ್ದನ್ನು ಏಕೆ ತರುತ್ತೀರಿ’ ಎಂದು ಗೊಣಗುತ್ತಿದ್ದವರಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ.

ಹಾಗಾದರೆ ಎಲ್ಲ ಕತ್ತರಿಸಿಬಿಡೋಣವೆ?

ಅದೂ ಅಷ್ಟು ಸುಲಭವಲ್ಲ ಎಂಬುದಕ್ಕೆ ಅದೇ 2024ರ ಮೇ ತಿಂಗಳಲ್ಲಿ ಇನ್ನೊಂದು ಪ್ರಸಂಗ ನಡೆಯಿತು. ಕೀಪಾಸ್‌ಎಕ್ಸ್‌ಸಿ ಎಂಬ ತಂತ್ರಾಂಶ ನಮ್ಮ ಗುಪ್ತಪದಗಳನ್ನೆಲ್ಲ ಒಂದು ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಡುತ್ತದೆ. ಡೆಬಿಯನ್ನಿನಲ್ಲಿ ಅದನ್ನು ನೋಡಿಕೊಳ್ಳುವವರು ಪರೀಕ್ಷೆಯ ಹಂತದ ಆವೃತ್ತಿಯಲ್ಲಿ ಅದರ ಐಚ್ಛಿಕ ಸೌಲಭ್ಯಗಳನ್ನೆಲ್ಲ ತೆಗೆದುಹಾಕಿದರು. ಬ್ರೌಸರ್‌ನಲ್ಲಿ ಗುಪ್ತಪದ ತಾನಾಗಿ ತುಂಬುವ ಸೌಲಭ್ಯವೂ ಹೋಯಿತು. ಎಲ್ಲ ಸೌಲಭ್ಯ ಬೇಕೆಂದವರು ‘ಫುಲ್’ ಎಂಬ ಬಾಲವಿರುವ ಇನ್ನೊಂದು ಪ್ಯಾಕೇಜನ್ನು ಹಾಕಿಕೊಳ್ಳಬೇಕಾಯಿತು.

ನಿರ್ವಾಹಕರ ವಾದದಲ್ಲಿ ಅರ್ಥವಿತ್ತು. ಗುಪ್ತಪದ ಕಾಯುವ ಪೆಟ್ಟಿಗೆಗೆ ಹೊರಗಿನ ಜೊತೆ ಮಾತಾಡುವ ಕಿಟಕಿಗಳು ಏಕೆ? ಕಿಟಕಿ ಹೆಚ್ಚಿದಷ್ಟೂ ಕಳ್ಳನಿಗೆ ದಾರಿ ಹೆಚ್ಚು. ತಂತ್ರಾಂಶ ಬರೆದವರ ವಾದದಲ್ಲೂ ಅರ್ಥವಿತ್ತು. ಆ ಸೌಲಭ್ಯಗಳು ಬಳಕೆದಾರರೇ ತೆರೆಯುವವರೆಗೆ ಮುಚ್ಚಿಯೇ ಇರುತ್ತವೆ. ಇಷ್ಟು ದಿನ ಇದ್ದದ್ದನ್ನು ಅದೇ ಹೆಸರಿನಡಿ ಕಿತ್ತರೆ ಬಳಕೆದಾರರು ಬಂದು ಬೈಯುವುದು ತಮ್ಮನ್ನು! ನಿನ್ನೆಯವರೆಗೆ ಚಟ್ನಿಯೊಡನೆ ಬರುತ್ತಿದ್ದ ತಟ್ಟೆ ಇವತ್ತು ಬರಿದಾಗಿ ಬಂದರೆ ಗಿರಾಕಿ ಅಡುಗೆಯವನನ್ನೇ ಬೈಯುತ್ತಾನೆ, ಬಡಿಸಿದವನನ್ನಲ್ಲ.

ಅಕ್ಷರದ ಬದಲು ಚೌಕ

ಕತ್ತರಿಸುವುದರ ಕಷ್ಟ ನಮ್ಮ ಅಳಿಯನಿಗೂ ಅನುಭವಕ್ಕೆ ಬಂದಿತ್ತು. ಒಮ್ಮೆ ಜಾಗ ಉಳಿಸುವ ಹುಮ್ಮಸ್ಸಿನಲ್ಲಿ ಎಲ್ಲವನ್ನೂ ಹೊಸದಾಗಿ ಹಾಕುತ್ತ, ಶಿಫಾರಸಿನ ಯಾವುದೂ ಬೇಡವೆಂದುಬಿಟ್ಟನಂತೆ. ಗಣಕ ಹಗುರವಾಗಿ ಓಡಿತು. ಸಂಜೆ ಅಜ್ಜಿ ‘ಪೇಪರ್ ತೆಗೆದು ತೋರ್ಸೋ’ ಎಂದು ಕೂತರೆ ಪರದೆಯ ತುಂಬ ಅಕ್ಷರದ ಬದಲು ಚೌಕಗಳು! ಕನ್ನಡದ ಫಾಂಟೇ ಇರಲಿಲ್ಲ. ಕೈತಪ್ಪು ಅವನದೇ. ಆದರೆ ಪಾಠ ಸಣ್ಣದಲ್ಲ.

ಇಂಗ್ಲಿಷ್ ಮಾತ್ರ ಓದುವವನಿಗೆ ಕನ್ನಡದ ಫಾಂಟು ಉಪ್ಪಿನಕಾಯಿ. ಅಜ್ಜಿಗೆ ಅದೇ ಅಕ್ಕಿ. ಡೆಬಿಯನ್ನಿನ ಭಂಡಾರದಲ್ಲಿ ‘ಗುಬ್ಬಿ’, ‘ನವಿಲು’ ಎಂಬ ಮುದ್ದಾದ ಹೆಸರಿನ ಕನ್ನಡ ಫಾಂಟುಗಳಿವೆ. ‘ಲೋಹಿತ್ ಕನ್ನಡ’ ಇದೆ. ‘ಎಂ17ಎನ್’ ಎಂಬ ಪ್ಯಾಕೇಜಿನಲ್ಲಿ ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ ವಿನ್ಯಾಸವೂ ಇದೆ. ಯಾರೋ ಕನ್ನಡಿಗರು ಕೂತು ಫಾಂಟು ರೂಪಿಸಿ, ಪೊಟ್ಟಣ ಕಟ್ಟಿ ಭಂಡಾರಕ್ಕೆ ಸೇರಿಸಿದ್ದರಿಂದ ಅವು ಅಲ್ಲಿವೆ. ಅವು ತಾವಾಗಿ ಬರಬೇಕೋ, ಕೇಳಿದರೆ ಬರಬೇಕೋ ಎಂಬ ಚರ್ಚೆಯಲ್ಲಿ ಕನ್ನಡ ಬಲ್ಲವರು ಬಾಯಿ ತೆರೆಯದಿದ್ದರೆ ಬೇರೆಯವರು ತಮ್ಮ ಮನೆಯ ಊಟದ ಲೆಕ್ಕದಲ್ಲೇ ತೀರ್ಮಾನಿಸುತ್ತಾರೆ.

ಎಲ್ಲವನ್ನೂ ಕಟ್ಟಿಕೊಡುವುದೇ ಸರಿ ಎನ್ನುವ ಉದಾಹರಣೆ ಗಡಿಯಾಚೆ ಇದೆ. ಕೇರಳ ಸರ್ಕಾರ 2001ರಲ್ಲಿ ‘ಐಟಿ ಅಟ್ ಸ್ಕೂಲ್’ ಯೋಜನೆ ಆರಂಭಿಸಿತು. ಈಗ ‘ಕೈಟ್’ ಎಂಬ ಸಂಸ್ಥೆಯಾಗಿರುವ ಅದು ಶಾಲೆಗಳಿಗೆಂದೇ ಲಿನಕ್ಸ್ ಕಟ್ಟೊಂದನ್ನು ತಯಾರಿಸುತ್ತದೆ. 2024ರಲ್ಲಿ ಉಬುಂಟು ಆಧಾರಿತ 22.04 ಆವೃತ್ತಿ ಹೊರಬಂತು. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳೂ ಕಲಿಯುವುದು ಇದರಲ್ಲೇ. ಹತ್ತಿಪ್ಪತ್ತು ಗಣಕಗಳ ಪ್ರಯೋಗಾಲಯದಲ್ಲಿ ಪಾಠ ನಡೆಯುವಾಗ ‘ಈ ಸಲಕರಣೆ ಇಲ್ಲ, ಇಳಿಸಿಕೊಳ್ಳಿ’ ಎನ್ನಲಾಗುವುದಿಲ್ಲ. ಪಠ್ಯಕ್ಕೆ ಬೇಕಾದ್ದೆಲ್ಲ ಮೊದಲೇ ಇರಬೇಕು. ಅಲ್ಲಿ ಶಿಫಾರಸು, ಸಲಹೆ ಎಲ್ಲವೂ ಕಡ್ಡಾಯವಾದರೆ ತಪ್ಪಿಲ್ಲ. ಪಟ್ಟಿ ಓದುವ ಕೆಲಸವನ್ನು ಮಕ್ಕಳ ಪರವಾಗಿ ಶಿಕ್ಷಕರು ಮೊದಲೇ ಮಾಡಿರುತ್ತಾರೆ.

ಇದರಿಂದ ಮಾರ್ಕ್ಸ್ ಬರುತ್ತಾ?

ಊಟಕ್ಕೆ ಕೂತಾಗ ಅಕ್ಕ ಕೇಳಿದ ಪ್ರಶ್ನೆ ಇದು. ಎಲ್ಲ ತಾಯಂದಿರ ಪ್ರಶ್ನೆಯೂ ಹೌದು. ನೇರ ಉತ್ತರ: ಬರುವುದಿಲ್ಲ. ಆದರೆ ಈಗ ಯಾವ ಹುಡುಗ ಹುಡುಗಿಯೂ ಎಲ್ಲವನ್ನೂ ತಾನೇ ಬರೆಯುವುದಿಲ್ಲ. ಹತ್ತು ಸಾಲು ತಾನು ಬರೆದು, ಹತ್ತು ಸಾವಿರ ಸಾಲು ಬೇರೆಯವರದು ತರುತ್ತಾರೆ. ತಂದದ್ದರಲ್ಲಿ ಏನಿದೆ, ಅದನ್ನು ಯಾರು ನೋಡಿಕೊಳ್ಳುತ್ತಿದ್ದಾರೆ, ಅದಿಲ್ಲದೆ ನಡೆಯುವುದೇ ಎಂದು ಕೇಳುವ ಅಭ್ಯಾಸ ಎರಡನೆಯ ವರ್ಷದಲ್ಲೇ ಬಂದರೆ ಒಳ್ಳೆಯದು. ಬಾರದಿದ್ದರೆ ಮುಂದೆ ಬ್ಯಾಂಕಿನದೋ ಆಸ್ಪತ್ರೆಯದೋ ತಂತ್ರಾಂಶ ಕಟ್ಟುವಾಗ ಅದರ ಬೆಲೆ ಬೇರೆಯವರು ತೆರಬೇಕಾದೀತು.

ಇನ್ನೊಂದು ಮಾತು. 2012ರ ಆ ಪಂಚಾಯಿತಿ ಆರಂಭವಾದದ್ದು ಒಂದು ದೂರಿನಿಂದ. ಡೆಬಿಯನ್ನಿಗೆ ಯಾರು ಬೇಕಾದರೂ ಇ-ಮೇಲ್ ಮೂಲಕ ದೂರು ಕೊಡಬಹುದು. ‘ಈ ಪ್ಯಾಕೇಜಿಗೆ ಅದು ಕಡ್ಡಾಯವೇಕೆ?’ ಎಂದು ಭದ್ರಾವತಿಯ ವಿದ್ಯಾರ್ಥಿಯೂ ಕೇಳಬಹುದು. ಕಾರಣ ಕೊಟ್ಟು, ಪರೀಕ್ಷಿಸಿ ನೋಡಿ, ಮರ್ಯಾದೆಯಿಂದ ಬರೆದ ದೂರಿಗೆ ಅಲ್ಲಿ ಬೆಲೆಯಿದೆ.

ಮನೆಯಲ್ಲೇ ಮಾಡಿ ನೋಡಿ

(ಆಜ್ಞೆಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ಇಲ್ಲಿ ಉಚ್ಚಾರಣೆಯನ್ನಷ್ಟೇ ಕೊಟ್ಟಿದೆ.)

• ‘ಆಪ್ಟ್ ಶೋ’ ಎಂದು ಬರೆದು ಪ್ಯಾಕೇಜಿನ ಹೆಸರು ಕೊಡಿ. ಡಿಪೆಂಡ್ಸ್, ರೆಕಮೆಂಡ್ಸ್, ಸಜೆಸ್ಟ್ಸ್ ಮೂರೂ ಸಾಲು ಬೇರೆ ಬೇರೆಯಾಗಿ ಕಾಣುತ್ತವೆ.

• ಮಾಮೂಲಿಯಾಗಿ ಅನುಸ್ಥಾಪಿಸುವಾಗ ಕಡ್ಡಾಯದವೂ ಶಿಫಾರಸಿನವೂ ಒಂದೇ ಪಟ್ಟಿಯಲ್ಲಿ ಬೆರೆತಿರುತ್ತವೆ. ‘ನೋ-ಇನ್‌ಸ್ಟಾಲ್-ರೆಕಮೆಂಡ್ಸ್’ ಎಂಬ ಸೂಚನೆ ಸೇರಿಸಿ ಒಮ್ಮೆ ಓಡಿಸಿದರೆ ಎರಡೂ ಬೇರೆಯಾಗುತ್ತವೆ. ಪಟ್ಟಿ ಬರೆದುಕೊಂಡು ‘ಎನ್’ ಒತ್ತಿ ಹೊರಬನ್ನಿ. ಆಮೇಲೆ ನಿಧಾನವಾಗಿ ತೀರ್ಮಾನಿಸಿ.

• ಗಣಕದಲ್ಲಿ ಈಗಾಗಲೇ ಇರುವ ಪ್ಯಾಕೇಜು ಯಾರ ನೆಂಟ ಎಂದು ತಿಳಿಯಬೇಕೆ? ‘ಆಪ್ಟಿಟ್ಯೂಡ್’ ಎಂಬ ಸಲಕರಣೆ ಹಾಕಿಕೊಂಡು ‘ಆಪ್ಟಿಟ್ಯೂಡ್ ವೈ’ ಎಂದು ಕೇಳಿ, ಅದು ಸಂಬಂಧ ಹೇಳುತ್ತದೆ.

• ‘ಆಟೋರಿಮೂವ್’ ಮಾಡುವ ಮುನ್ನವೂ ಪಟ್ಟಿ ಓದಿ. ಹೋಗುವವರಲ್ಲಿ ನಿಮಗೆ ಬೇಕಾದವರೂ ಇರಬಹುದು.

ಅಂದು ಮಧ್ಯಾಹ್ನ ಅಳಿಯ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದುಕೊಂಡ. ಬೇಕೇಬೇಕಾದವು ಒಂದು ಕಡೆ. ಶಿಫಾರಸಿನಲ್ಲಿ ನಕ್ಷೆ ಬಿಡಿಸುವ ಸಲಕರಣೆ ಇತ್ತು, ಜಾವಾ ಇತ್ತು, ಆಕ್ಟೇವ್‌ನ ಕೈಪಿಡಿ ಇತ್ತು. ನಕ್ಷೆಯದನ್ನು ಇಟ್ಟುಕೊಂಡ. ಜಾವಾ ಬಿಟ್ಟ. ‘ಕೈಪಿಡಿ ಯಾಕೆ, ನೆಟ್‌ನಲ್ಲಿ ಸಿಗುತ್ತೆ’ ಎಂದು ಅದನ್ನೂ ಬಿಟ್ಟ. ಭಾವ ಹಾಳೆಯನ್ನು ನೋಡಿ ತಲೆಯಾಡಿಸಿದರು, ಸ್ಟೋರ್ಸ್‌ನಲ್ಲಿ ಇಂಡೆಂಟ್ ಪಾಸು ಮಾಡುತ್ತಿದ್ದಾಗಿನ ಹಾಗೆಯೇ.

ಹತ್ತು ದಿನದ ನಂತರ ಅವನ ಫೋನ್ ಬಂತು. ಹಿಂದಿನ ರಾತ್ರಿ ಅಸೈನ್‌ಮೆಂಟ್ ಮಾಡಲು ಕೂತಿದ್ದನಂತೆ. ಅಪ್ಪನ ಮೊಬೈಲಿನ ಡೇಟಾ ಮುಗಿದಿತ್ತು. ಒಂದು ಆಜ್ಞೆಯ ವಿವರ ಬೇಕಾಗಿ ‘ಡಾಕ್’ ಎಂದು ಟೈಪ್ ಮಾಡಿದರೆ ಕೈಪಿಡಿ ಇಲ್ಲವೆಂಬ ಉತ್ತರ ಬಂತು.

‘ಮಾವ, ನೆಟ್ ಇರೋರ ಮನೇಲಿ ಕೈಪಿಡಿ ಉಪ್ಪಿನಕಾಯಿ. ನಮ್ಮನೇಲಿ ಅದು ಅಕ್ಕಿ’ ಎಂದ. ‘ಇವತ್ತು ಹಾಕಿಕೊಂಡೆ.’